ಹೇನು ಕಂಡ ಕೂಡಲೇ ಪಂಪು ಎತ್ತಬೇಡಿ: ಹಿತ್ತಲಲ್ಲಿ ಮಿತ್ರಕೀಟಗಳಿಂದ ಕೆಲಸ ಮಾಡಿಸುವ ಬಗೆ

ಅಲಸಂದೆ ಬಳ್ಳಿಯ ಕುಡಿಗೆ ಕಪ್ಪು ಹೇನು ಮೆತ್ತಿಕೊಂಡಿದ್ದು ಕಣ್ಣಿಗೆ ಬಿದ್ದ ದಿನವೇ ಹೆಚ್ಚಿನವರು ಔಷಧಿ ಹೊಡೆಯಲು ಹೊರಡುತ್ತಾರೆ. ಹೇನು ಸಾಯುತ್ತದೆ, ನಿಜ. ಅದೇ ಕುಡಿಯಲ್ಲಿ ಹೇನು ತಿನ್ನುತ್ತಿದ್ದ ಗುಲಗಂಜಿ ಹುಳುವಿನ ಮರಿ, ಸಿರ್ಫಿಡ್ ನೊಣದ ಮರಿ, ಹೇನಿನ ಹೊಟ್ಟೆಯೊಳಗೆ ಬೆಳೆಯುತ್ತಿದ್ದ ಸಣ್ಣ ಕಣಜ ಕೂಡ ಸಾಯುತ್ತವೆ. ಎಲೆಯ ಮುದುರಿನಲ್ಲಿ ಉಳಿದ ನಾಲ್ಕು ಹೇನು ಕೆಲವೇ ದಿನಗಳಲ್ಲಿ ಮತ್ತೆ ಕುಡಿ ತುಂಬಿಕೊಳ್ಳುತ್ತವೆ. ಹೆಣ್ಣು ಹೇನಿಗೆ ಗಂಡಿನ ಹಂಗಿಲ್ಲ, ಮೊಟ್ಟೆಯ ಗೊಡವೆಯೂ ಇಲ್ಲ. ನೇರ ಮರಿಯನ್ನೇ ಹಾಕುತ್ತದೆ, ಆ ಮರಿ ವಾರದ ಸುಮಾರಿಗೆ ತಾನೂ ಮರಿ ಹಾಕಲು ಶುರುಮಾಡುತ್ತದೆ. ಗುಲಗಂಜಿ ಹುಳುವಿಗೋ, ಮೊಟ್ಟೆಯಿಂದ ರೆಕ್ಕೆ ಬಲಿಯುವ ತನಕ ಎರಡರಿಂದ ಮೂರು ವಾರ ಬೇಕು. ಔಷಧಿ ಹೊಡೆದಷ್ಟೂ ಈ ಓಟದಲ್ಲಿ ಹೇನು ಮುಂದೆ, ಹುಳು ಹಿಂದೆ.

ಹಾಗಾಗಿ ಮಿತ್ರಕೀಟಗಳ ಕೆಲಸ ಶುರುವಾಗುವುದು ಅವನ್ನು ಕೊಂಡು ತರುವುದರಿಂದಲ್ಲ. ಇರುವವನ್ನು ಗುರುತಿಸಿ, ಕೊಲ್ಲದೆ ಬಿಟ್ಟು, ಅವುಗಳ ದಾರಿಗೆ ಅಡ್ಡ ಬರುವ ಇರುವೆಯನ್ನು ತಡೆದರೆ ಮುಕ್ಕಾಲು ಕೆಲಸ ಆದಂತೆ. ಕೊಳ್ಳುವುದು ಕೊನೆಯ ಹಂತ, ಎಷ್ಟೋ ಹಿತ್ತಲುಗಳಿಗೆ ಅದು ಬೇಕಾಗುವುದೂ ಇಲ್ಲ.

ಮೊದಲು ಮರಿಗಳ ಗುರುತು ಹಿಡಿಯಿರಿ

ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಗುಲಗಂಜಿ ಹುಳು ಎಲ್ಲರಿಗೂ ಗೊತ್ತು. ಆದರೆ ಹೆಚ್ಚು ತಿನ್ನುವುದು ಅದರ ಮರಿ, ಅದನ್ನು ಗುರುತಿಸುವವರು ಕಡಿಮೆ. ಕಪ್ಪು ಅಥವಾ ಬೂದು ಮೈ, ಅಲ್ಲಲ್ಲಿ ಹಳದಿ-ಕಿತ್ತಳೆ ಮಚ್ಚೆ, ಆರು ಕಾಲು, ಪುಟ್ಟ ಮೊಸಳೆಯ ಆಕಾರ. ಯಾವುದೋ ಹೊಸ ಪೀಡೆ ಬಂತೆಂದು ಇದನ್ನು ಹೊಸಕಿ ಹಾಕುವವರೇ ಜಾಸ್ತಿ. ಮೊಟ್ಟೆಗಳು ಹಳದಿ, ಉದ್ದನೆಯವು, ಎಲೆಯ ಕೆಳಗೆ ಹತ್ತಿಪ್ಪತ್ತು ಒಟ್ಟಾಗಿ ನೆಟ್ಟಗೆ ನಿಂತಿರುತ್ತವೆ. ಕೋಶಕ್ಕೆ ಹೋದ ಹುಳು ಎಲೆಗೆ ಅಂಟಿಕೊಂಡು ಅಲುಗಾಡದೆ ಕೂತಿರುತ್ತದೆ. ಸತ್ತಿದೆ ಎಂದು ಕಿತ್ತು ಬಿಸಾಡಬೇಡಿ.

ಬದನೆ ಗಿಡದ ಮೇಲೆ ಮಾತ್ರ ಒಂದು ಎಚ್ಚರ ಬೇಕು. ಅಲ್ಲಿ ಗುಲಗಂಜಿ ಹುಳುವಿನ ನೆಂಟನೇ ಆದ ಎಪಿಲಾಕ್ನಾ ದುಂಬಿ ಇರುತ್ತದೆ, ಇದು ಎಲೆ ತಿನ್ನುವ ಜಾತಿ. ಬೆನ್ನಿನ ಮೇಲೆ 28 ಚುಕ್ಕೆ ಇರಬಹುದು, ಆದರೆ ಚುಕ್ಕೆ ಎಣಿಸುತ್ತ ಕೂರುವುದು ಬೇಡ. ಮಿತ್ರ ಹುಳುವಿನ ಬೆನ್ನು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಎಪಿಲಾಕ್ನಾದ ಬೆನ್ನಿನ ಮೇಲೆ ಸಣ್ಣ ರೋಮಗಳಿದ್ದು ಮಂಕಾಗಿ ಕಾಣುತ್ತದೆ. ಅದರ ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು. ಎಲ್ಲಕ್ಕಿಂತ ಸುಲಭದ ಗುರುತು ಎಲೆಯಲ್ಲೇ ಇದೆ: ಹಸಿರನ್ನೆಲ್ಲ ಕೆರೆದು ನರಗಳ ಬಲೆ ಮಾತ್ರ ಉಳಿದಿದ್ದರೆ ಅದು ಎಪಿಲಾಕ್ನಾ. ಇದನ್ನು ಮೊಟ್ಟೆ, ಮರಿ ಸಮೇತ ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ.

ಹಿಟ್ಟುತಿಗಣೆಯ ಗುಂಪಿನಲ್ಲಿ ಇನ್ನೊಂದು ಮೋಸವಿದೆ. ಕ್ರಿಪ್ಟೊಲೀಮಸ್ ಎಂಬ ಆಸ್ಟ್ರೇಲಿಯಾ ಮೂಲದ ಗುಲಗಂಜಿ ಹುಳುವಿನ ಮರಿ ತಾನೂ ಬಿಳಿ ಮೇಣದ ಎಳೆಗಳನ್ನು ಹೊದ್ದು ಥೇಟ್ ಹಿಟ್ಟುತಿಗಣೆಯಂತೆಯೇ ಕಾಣುತ್ತದೆ. ದಾಸವಾಳದ ಕುಡಿಯನ್ನು ಕಡ್ಡಿಯಿಂದ ಮೆಲ್ಲಗೆ ಕೆದಕಿ ನೋಡಿ. ಹಿಟ್ಟುತಿಗಣೆ ಅಲ್ಲೇ ಇರುತ್ತದೆ ಅಥವಾ ತೆವಳುತ್ತದೆ, ಉದ್ದ ಮೂರು-ನಾಲ್ಕು ಮಿಲಿಮೀಟರ್. ಕ್ರಿಪ್ಟೊಲೀಮಸ್ ಮರಿ ಸರಸರನೆ ಓಡುತ್ತದೆ, ಬಲಿತದ್ದು ಒಂದು ಸೆಂಟಿಮೀಟರ್ ದಾಟುತ್ತದೆ, ಮೇಣದ ಎಳೆಗಳು ಉದ್ದವಾಗಿ ಕೆದರಿಕೊಂಡಿರುತ್ತವೆ. ದೊಡ್ಡ ಹುಳು ಕಪ್ಪು, ತಲೆ ಮತ್ತು ಹಿಂತುದಿ ಮಾತ್ರ ಕಂದುಗೆಂಪು.

ಹೇನಿನ ಗುಂಪಿನ ನಡುವೆ ಕಾಲಿಲ್ಲದ, ಹಸಿರು ಅಥವಾ ಕೆನೆ ಬಣ್ಣದ, ಒಳಗಿನದೆಲ್ಲ ಕಾಣುವಂಥ ಹುಳು ಇದ್ದರೆ ಅದು ಸಿರ್ಫಿಡ್ ನೊಣದ ಮರಿ. ಹೂವಿನ ಮುಂದೆ ಒಂದೇ ಕಡೆ ಗಾಳಿಯಲ್ಲಿ ನಿಂತಂತೆ ಹಾರುವ, ಜೇನುಹುಳುವೆಂದು ನಾವು ತಿಳಿಯುವ ಪಟ್ಟೆ ಪಟ್ಟೆ ನೊಣವೇ ಅದರ ತಾಯಿ. ಕುಟುಕುವುದಿಲ್ಲ. ಎಲೆಯ ಮೇಲೆ ಕೂದಲೆಳೆಯಂಥ ದೇಟಿನ ತುದಿಯಲ್ಲಿ ಒಂದೊಂದೇ ಮೊಟ್ಟೆ ನಿಂತಿದ್ದರೆ ಅದು ಜಾಲರೆಕ್ಕೆಯ ಕ್ರೈಸೊಪರ್ಲಾ ಕೀಟದ್ದು. ಇನ್ನು ಹೇನುಗಳ ನಡುವೆ ಉಬ್ಬಿದ, ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾದ ಹೇನು ಸಿಕ್ಕರೆ ಅದರೊಳಗೆ ಕಣಜದ ಮರಿ ಇದೆ; ಬೆನ್ನಿನಲ್ಲಿ ದುಂಡಗಿನ ತೂತಿದ್ದರೆ ಕಣಜ ಆಗಲೇ ಹೊರಬಂದು ಮುಂದಿನ ಹೇನಿನ ಬೆನ್ನು ಹತ್ತಿದೆ. ಕಂಬಳಿಹುಳುವಿನ ಮೈಮೇಲೆ ಅಕ್ಕಿಕಾಳಿಗಿಂತ ಚಿಕ್ಕ ಬಿಳಿ ಗೂಡುಗಳು ಅಂಟಿಕೊಂಡಿದ್ದರೆ ಅವೂ ಕಣಜದ ಗೂಡುಗಳೇ, ಹುಳುವಿನ ಮೊಟ್ಟೆಗಳಲ್ಲ. ಆ ಹುಳು ಬದುಕುವುದಿಲ್ಲ, ಇದ್ದಲ್ಲೇ ಬಿಡಿ.

ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಕನ್ನಡಿ ಒಂದಿರಲಿ. ವಾರಕ್ಕೆರಡು ಸಲ ಬೆಳಿಗ್ಗೆ ಹತ್ತು ಕುಡಿಗಳನ್ನು ತಿರುವಿ ನೋಡಿ. ಮೂರು-ನಾಲ್ಕು ಕುಡಿಗಳಲ್ಲಿ ಇವುಗಳಲ್ಲಿ ಯಾವುದಾದರೂ ಕಂಡರೆ ಏನೂ ಮಾಡದೆ ಇನ್ನೊಂದು ವಾರ ಕಾಯುವುದೇ ಸರಿಯಾದ ಕ್ರಮ. ಕೈ ಕಟ್ಟಿ ಕೂರುವುದು ಕಷ್ಟ, ಆದರೂ.

ಔಷಧಿ ನಿಲ್ಲಿಸಿ, ಇರುವೆ ತಡೆಯಿರಿ

ರಾಸಾಯನಿಕ ಕೀಟನಾಶಕ ಹೊಡೆದಿದ್ದರೆ ಕನಿಷ್ಠ ಮೂರು ವಾರ ಕಳೆಯದೆ ಯಾವ ಮಿತ್ರಕೀಟವನ್ನೂ ಕೊಂಡು ತಂದು ಬಿಡಬೇಡಿ. ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ರಸದಲ್ಲೇ ಉಳಿದು ಹೂವಿನ ಮಕರಂದಕ್ಕೂ ಬರುತ್ತವೆ, ಇನ್ನೂ ಹೆಚ್ಚು ಕಾಯಬೇಕು. ನರ್ಸರಿಯಿಂದ ತಂದ ಗಿಡಕ್ಕೆ ಅಲ್ಲೇ ಔಷಧಿ ಹಾಕಿರುವುದು ಸಾಮಾನ್ಯ. ಹೊಸ ಗಿಡದ ಬಳಿ ಹುಳು ನಿಲ್ಲದಿದ್ದರೆ ಕಾರಣ ಅದಿರಬಹುದು.

ಬೇವಿನೆಣ್ಣೆ ಸಹಜವಾದದ್ದು, ಹಾಗಾಗಿ ನಿರಪಾಯ ಎಂಬ ನಂಬಿಕೆಯಿದೆ. ಮೃದು ಮೈಯ ಎಳೆ ಮರಿಗಳ ಮೇಲೆ ನೇರ ಬಿದ್ದರೆ ಅದೂ ಕೊಲ್ಲುತ್ತದೆ. ಹೊಡೆಯಲೇಬೇಕಾದರೆ ಲೀಟರಿಗೆ 3 ಮಿಲಿ ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸೋಪು, ಅದೂ ಮಿತ್ರಕೀಟವಿಲ್ಲದ ಕುಡಿಗೆ ಮಾತ್ರ, ಸಂಜೆ. ಇಡೀ ಗಿಡ ತೋಯಿಸಬೇಡಿ. ಲೀಟರಿಗೆ 5 ಗ್ರಾಂ ಬಾರ್ ಸೋಪು ಕರಗಿಸಿದ ನೀರು ಇನ್ನೂ ಮೇಲು. ಒದ್ದೆಯಿರುವಾಗ ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಬಂದು ಕೂತ ಹುಳುವಿಗೆ ತೊಂದರೆಯಿಲ್ಲ. ಹೇನು ವಿಪರೀತವಿದ್ದಾಗ ಪೈಪಿನ ನೀರನ್ನು ರಭಸದಿಂದ ಬಿಟ್ಟು ಅರ್ಧ ಉದುರಿಸುವುದು ಎಲ್ಲಕ್ಕಿಂತ ಅಗ್ಗ. ಕೆಳಗೆ ಬಿದ್ದ ಹೇನುಗಳಲ್ಲಿ ಹೆಚ್ಚಿನವು ಮತ್ತೆ ಗಿಡ ಏರಲಾರವು, ಉಳಿದರ್ಧ ಮಿತ್ರಕೀಟಗಳಿಗೆ ಊಟ. ಪೂರ್ತಿ ತೊಳೆದರೆ ಅವು ಹಸಿದು ಪಕ್ಕದ ಮನೆಗೆ ಹೋಗುತ್ತವೆ.

ಹಳದಿ ಅಂಟು ಹಾಳೆ ಬಿಳಿನೊಣ ಹಿಡಿಯುವುದೇನೋ ನಿಜ, ಜೊತೆಗೆ ಕಣಜಗಳನ್ನೂ ಗುಲಗಂಜಿ ಹುಳುಗಳನ್ನೂ ಹಿಡಿಯುತ್ತದೆ. ಪೀಡೆ ಬಂದಿದೆಯೇ ಎಂದು ತಿಳಿಯಲು ಒಂದೆರಡು ಸಾಕು. ಮಿತ್ರಕೀಟ ಬಿಡುವ ವಾರ ಅವನ್ನೂ ತೆಗೆದಿಡಿ.

ಇನ್ನು ಇರುವೆ. ಮಿತ್ರಕೀಟಗಳು ಕೆಲಸ ಮಾಡಲಿಲ್ಲ ಎಂಬ ದೂರು ಬಂದ ಕಡೆ ಗಿಡದ ಬುಡ ನೋಡಿದರೆ ಬಹುಪಾಲು ಇರುವೆಯ ಸಾಲು ಇರುತ್ತದೆ. ಹೇನು, ಹಿಟ್ಟುತಿಗಣೆ ಎರಡೂ ಸಿಹಿ ಅಂಟು ಒಸರುತ್ತವೆ. ಅದರ ಆಸೆಗೆ ಇರುವೆ ಅವನ್ನು ಕಾಯುತ್ತದೆ. ಗುಲಗಂಜಿ ಮರಿಯನ್ನು ಕಚ್ಚಿ ಕೆಳಗೆ ಕೆಡವುತ್ತದೆ, ಕಣಜವನ್ನು ಹತ್ತಿರ ಸುಳಿಯಲು ಬಿಡುವುದಿಲ್ಲ. ಕಾಂಡಕ್ಕೆ ನಾಲ್ಕು ಬೆರಳಗಲ ಬಟ್ಟೆ ಅಥವಾ ಟೇಪು ಬಿಗಿಯಾಗಿ ಸುತ್ತಿ ಅದರ ಮೇಲೆ ಗ್ರೀಸ್ ಸವರಿ. ತೊಗಟೆಗೆ ನೇರವಾಗಿ ಸವರಿದರೆ ಎಳೆ ಗಿಡ ಸುಡುತ್ತದೆ. ಗ್ರೀಸಿಗೆ ಧೂಳು ಕೂತು ಹೊಪ್ಪಳೆ ಕಟ್ಟಿದರೆ ಇರುವೆ ಅದರ ಮೇಲೇ ನಡೆದು ಹೋಗುತ್ತದೆ, ಹದಿನೈದು ದಿನಕ್ಕೊಮ್ಮೆ ಹೊಸದಾಗಿ ಹಚ್ಚಿ. ಒಂದು ಕೊಂಬೆ ಗೋಡೆಗೋ ಬಟ್ಟೆ ಒಣಹಾಕುವ ತಂತಿಗೋ ತಾಗಿದ್ದರೆ ಅಷ್ಟೂ ಕೆಲಸ ವ್ಯರ್ಥ. ಮೊದಲು ಅದನ್ನು ಕತ್ತರಿಸಿ. ತಾರಸಿಯಲ್ಲಿ ಕುಂಡದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವ ಉಪಾಯವೂ ಇದೆ, ಆದರೆ ಆ ನೀರಿಗೆ ಸೋಪು ಹಾಕಿ ವಾರಕ್ಕೊಮ್ಮೆ ಚೆಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಗೇರು ಮರದಲ್ಲಿ ಟೀ ಸೊಳ್ಳೆ ಎಂಬ ರಸ ಹೀರುವ ತಿಗಣೆಯನ್ನು ಹಿಡಿದು ತಿನ್ನುತ್ತದೆ, ಆ ಲೆಕ್ಕದಲ್ಲಿ ಅದು ಮಿತ್ರ. ಅದೇ ಚಗಳಿ ಮಾವಿನಲ್ಲೋ ಸೀಬೆಯಲ್ಲೋ ಹಿಟ್ಟುತಿಗಣೆಯನ್ನು ಸಾಕುತ್ತದೆ. ಮರ ನೋಡಿ ತೀರ್ಮಾನಿಸಿ.

ಊಟಕ್ಕೆ ಹೂವು

ಸಿರ್ಫಿಡ್ ನೊಣ, ಕ್ರೈಸೊಪರ್ಲಾ ಮತ್ತು ಕಣಜಗಳ ಮರಿಗಳು ಮಾತ್ರ ಪೀಡೆಯನ್ನು ತಿನ್ನುತ್ತವೆ. ದೊಡ್ಡವಾದ ಮೇಲೆ ಹೆಚ್ಚಾಗಿ ಮಕರಂದ, ಪರಾಗದ ಮೇಲೆ ಬದುಕುತ್ತವೆ. ಕಣಜದ ಬಾಯಿ ತುಂಬ ಚಿಕ್ಕದು, ದಾಸವಾಳ-ಗುಲಾಬಿಯ ಆಳದ ಮಕರಂದ ಅದಕ್ಕೆ ಎಟುಕುವುದಿಲ್ಲ. ಸಬ್ಬಸಿಗೆ, ಕೊತ್ತಂಬರಿ, ಸೋಂಪಿನ ಕೊಡೆಯಂಥ ಹೂಗೊಂಚಲು ಅದಕ್ಕೆ ಹೇಳಿ ಮಾಡಿಸಿದ್ದು. ಸೊಪ್ಪಿಗೆಂದು ಬೆಳೆದ ಸಬ್ಬಸಿಗೆ, ಕೊತ್ತಂಬರಿಯಲ್ಲಿ ನಾಲ್ಕೈದು ಗಿಡಗಳನ್ನು ಕೀಳದೆ ಹೂ ಬಿಡಲು ಬಿಡಿ. ಇಪ್ಪತ್ತು ದಿನಕ್ಕೊಮ್ಮೆ ಒಂದು ಹಿಡಿ ಬೀಜ ಚೆಲ್ಲುತ್ತಿದ್ದರೆ ಹೂವಿನ ಸರತಿ ತಪ್ಪುವುದಿಲ್ಲ. ಕಾಮಕಸ್ತೂರಿ, ತುಳಸಿ, ಸಾಸಿವೆ ಕೂಡ ಒಳ್ಳೆಯವು.

ಬೇಲಿಯಂಚಿಗೆ ಒಂದು ಸಾಲು ಅಲಸಂದೆ, ನಾಲ್ಕು ಮೆಕ್ಕೆಜೋಳ ಹಾಕಿ. ಅಲಸಂದೆಗೆ ಹೇನು ಬಂದೇ ಬರುತ್ತದೆ, ಬರಲಿ. ಗುಲಗಂಜಿ ಹುಳು ಮೊದಲು ಅಲ್ಲಿ ಸಂಸಾರ ಹೂಡಿ ಆಮೇಲೆ ತರಕಾರಿ ಮಡಿಗೆ ಹರಡುತ್ತದೆ. ಮೆಕ್ಕೆಜೋಳದ ಸುಳಿ ಹೂವಿನ ಪರಾಗ ಹೇನು ಸಿಗದ ಕಾಲದಲ್ಲಿ ಅದಕ್ಕೆ ಆಧಾರ.

ಟೊಮೆಟೊ ಬೆಳೆಯುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಒಂದು ಒಳ್ಳೆಯ ಕ್ರಮ ಕೊಟ್ಟಿದೆ: 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಜಾತಿಯ ಚೆಂಡು ಹೂ. ನಾಟಿ ದಿನ ಚೆಂಡು ಹೂವಿನ ಸಸಿಗೆ 45 ದಿನ, ಟೊಮೆಟೊ ಸಸಿಗೆ 25 ದಿನ ಆಗಿರಬೇಕು. ಹೀಗೆ ಮಾಡಿದರೆ ಎರಡೂ ಒಟ್ಟಿಗೆ ಹೂವಿಗೆ ಬಂದು ಕಾಯಿಕೊರಕದ ಪತಂಗ ಚೆಂಡು ಹೂವಿನ ಮೇಲೆಯೇ ಹೆಚ್ಚು ಮೊಟ್ಟೆ ಇಡುತ್ತದೆ. ಒಂದೇ ದಿನ ಬಿತ್ತಿದ ಸಸಿಗಳನ್ನು ಒಂದೇ ದಿನ ನೆಟ್ಟರೆ ಚೆಂಡು ಹೂ ತಡವಾಗಿ ಅರಳುತ್ತದೆ, ಬಲೆ ಹೂಡುವ ಮೊದಲೇ ಕಾಯಿಗೆ ತೂತು ಬಿದ್ದಿರುತ್ತದೆ. ಹೂವಿನಲ್ಲಿ ಹುಳು ಕಂಡರೆ ಆ ಹೂ ಕಿತ್ತು ನಾಶಮಾಡಿ, ಗಿಡ ಇರಲಿ.

ಕೊಂಡು ತಂದು ಬಿಡುವುದಾದರೆ

ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಕೃಷಿ ವಿಶ್ವವಿದ್ಯಾಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು, ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳಲ್ಲಿ ವಿಚಾರಿಸಿ. ತೆಂಗಿನ ಸೀಮೆಯವರಿಗೆ ಇದು ಹೊಸದಲ್ಲ. ಗರಿ ತಿನ್ನುವ ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಕಣಜ ತಂದು ಬಿಡುವುದು ಅಲ್ಲಿ ಹಳೆಯ ರೂಢಿ. ಇವು ಜೀವಂತ ಸರಕು, ಅಂಗಡಿಯಲ್ಲಿ ಸದಾ ಸಿಗುವುದಿಲ್ಲ. ಎರಡು ವಾರ ಮೊದಲೇ ಹೇಳಿಡಿ, ತಂದ ದಿನವೇ ಬಿಡಿ.

ಟ್ರೈಕೊಗ್ರಾಮ ಕಾರ್ಡು ಕಾಯಿಕೊರಕಗಳ ಮೊಟ್ಟೆಗೆ. ಅರ್ಧ ಮಿಲಿಮೀಟರ್ ಗಾತ್ರದ ಈ ಕಣಜ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ, ಹುಳು ಹುಟ್ಟುವುದೇ ಇಲ್ಲ. ಕಾರ್ಡಿನ ಮೇಲೆ ಅಕ್ಕಿ ಪತಂಗದ ಮೊಟ್ಟೆಗಳನ್ನು ಅಂಟಿಸಿ ಅದರೊಳಗೆ ಕಣಜ ಬೆಳೆಸಿರುತ್ತಾರೆ. ಒಂದು ಕಾರ್ಡಿನಲ್ಲಿ ಸುಮಾರು 18ರಿಂದ 20 ಸಾವಿರ ಮೊಟ್ಟೆ. ಟೊಮೆಟೊಗೆ ಹೆಕ್ಟೇರಿಗೆ 50 ಸಾವಿರದ ಲೆಕ್ಕ ಹಿಡಿದರೆ ಒಂದು ಕಾರ್ಡು ಸುಮಾರು ಒಂದು ಎಕರೆಗಾಯಿತು. ಗುಂಟೆಯ ಹಿತ್ತಲಿಗೆ ಒಂದು ಚಿಕ್ಕ ಪಟ್ಟಿಯೇ ಧಾರಾಳ, ನೆರೆಯ ನಾಲ್ಕಾರು ಮನೆಯವರು ಸೇರಿ ತರಿಸಿದರೆ ಸರಿ. ತಂದ ಕೂಡಲೇ ಭೂತಕನ್ನಡಿಯಲ್ಲಿ ನೋಡಿ: ಮೊಟ್ಟೆಗಳು ಕಪ್ಪಾಗಿರಬೇಕು. ಬೆಳ್ಳಗಿದ್ದರೆ ಅದರಲ್ಲಿ ಕಣಜವಿಲ್ಲ. ಕಪ್ಪಗಿದ್ದು ತೂತಿದ್ದರೆ ಕಣಜ ದಾರಿಯಲ್ಲೇ ಹಾರಿಹೋಗಿದೆ. ಹೂ ಕಚ್ಚಿದಾಗಿನಿಂದ ವಾರಕ್ಕೊಂದರಂತೆ ಐದಾರು ಸಲ, ಸಂಜೆ ಹೊತ್ತು, ಗಿಡದ ನಡು ಎತ್ತರದ ಎಲೆಯ ಕೆಳಗೆ ಪಟ್ಟಿಯನ್ನು ಪಿನ್ ಮಾಡಿ. ಮಳೆ ಬರುವಂತಿದ್ದರೆ ಕಾಗದದ ಲೋಟ ಬೋರಲು ಹಾಕಿ ಅದರೊಳಗೆ ಅಂಟಿಸಿ. ಇರುವೆಯಿದ್ದರೆ ರಾತ್ರಿಯೊಳಗೆ ಕಾರ್ಡು ಬೋಳು. ಒಂದೆರಡು ದಿನ ತಡವಾಗುವುದಾದರೆ ಫ್ರಿಜ್ಜಿನ ಕೆಳಗಿನ, ತರಕಾರಿ ಇಡುವ ಭಾಗದಲ್ಲಿಡಿ, ಫ್ರೀಜರಿನಲ್ಲಿ ಎಂದೂ ಬೇಡ. ಕಾಯಿಯೊಳಗೆ ಸೇರಿದ ಹುಳುವಿಗೆ ಈ ಕಣಜ ಏನೂ ಮಾಡದು. ತೂತುಬಿದ್ದ ಕಾಯಿ ನೋಡಿ ಕಾರ್ಡು ತರಿಸುವವರ ದುಡ್ಡು ದಂಡ. ವಾಸನೆಯಿಂದ ಗಂಡು ಕೀಟವನ್ನು ಸೆಳೆದು ಹಿಡಿಯುವ ಮೋಹಕ ಬಲೆಗೆ ಮೊದಲ ಪತಂಗ ಬಿದ್ದಾಗ ತರಿಸಬೇಕು.

ಕ್ರಿಪ್ಟೊಲೀಮಸ್ ಹಿಟ್ಟುತಿಗಣೆಗೆ. ಇದು 1898ರಲ್ಲೇ ಭಾರತಕ್ಕೆ ಬಂದ ಹುಳು. ರೇಷ್ಮೆ ಬೆಳೆಗಾರರು ಹಿಟ್ಟುತಿಗಣೆಯಿಂದ ಹಿಪ್ಪುನೇರಳೆಗೆ ಬರುವ ತುಕ್ರಾ ರೋಗಕ್ಕೆ ಎಕರೆಗೆ 250 ಹುಳು ಬಿಡುತ್ತಾರೆ. ಸೊಪ್ಪಿಗೆ ಔಷಧಿ ಹೊಡೆದರೆ ರೇಷ್ಮೆಹುಳುವಿಗೇ ಕುತ್ತು, ಹಾಗಾಗಿ ಅವರಿಗೆ ಇದು ಅನಿವಾರ್ಯ. ದಾಸವಾಳಕ್ಕೆ ನಾಲ್ಕೈದು, ಸೀಬೆ ಮರಕ್ಕೆ 10ರಿಂದ 20 ಹುಳು ಸಾಕು. ಇಳಿಹೊತ್ತಿನಲ್ಲಿ ಎಲೆಗಳಿಗೆ ತೆಳುವಾಗಿ ನೀರು ಚಿಮುಕಿಸಿ, ಹಿಟ್ಟುತಿಗಣೆಯ ಗುಂಪಿನ ಪಕ್ಕದಲ್ಲೇ ಬಿಡಿ. ಮಧ್ಯಾಹ್ನ ಬಿಟ್ಟರೆ ಬಿಸಿಲಿಗೆ ಹಾರಿಹೋಗುತ್ತದೆ. ಡಿಸೆಂಬರ್-ಜನವರಿಯ ಚಳಿಯಲ್ಲಿ ಇದರ ಚಟುವಟಿಕೆ ಕುಗ್ಗುತ್ತದೆ. ಫೆಬ್ರವರಿಯಲ್ಲಿ ಹಿಟ್ಟುತಿಗಣೆ ಏಳುವಾಗ ಬಿಡುವುದು ಲೇಸು. ಗುಂಪು ಖಾಲಿಯಾಗಲು ಒಂದರಿಂದ ಒಂದೂವರೆ ತಿಂಗಳು ಹಿಡಿಯುತ್ತದೆ.

ಕ್ರೈಸೊಪರ್ಲಾ ಹೇನು, ಥ್ರಿಪ್ಸ್ ಮತ್ತು ಬಿಳಿನೊಣದ ಮರಿಗಳಿಗೆ. ಗುಂಟೆಗೆ 500 ಎಳೆ ಮರಿ. ಇವು ಹಸಿದರೆ ಒಂದನ್ನೊಂದು ತಿನ್ನುತ್ತವೆ. ಡಬ್ಬಿಯಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಅರ್ಧ ಮಾತ್ರ ಉಳಿದಿರುತ್ತವೆ. ಒಂದೇ ಗಿಡಕ್ಕೆ ಸುರಿಯದೆ ಒಣ ಬ್ರಷ್‌ನಿಂದ ಗಿಡಕ್ಕೆ ಒಂದೆರಡರಂತೆ ಹಂಚಿ.

ಪಪ್ಪಾಯಿಯ ಹಿಟ್ಟುತಿಗಣೆಗೆ ಮಾತ್ರ ಏನೂ ಕೊಳ್ಳಬೇಕಾಗಿಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಈ ಪೀಡೆ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡುತ್ತ ಹರಡಿತ್ತು. 2010ರಲ್ಲಿ ಹೆಬ್ಬಾಳದ ಸಂಸ್ಥೆ ಪೋರ್ಟೊ ರಿಕೊದಿಂದ ಅಸೆರೋಫಾಗಸ್ ಪಪಾಯೆ ಎಂಬ ಕಣಜ ತರಿಸಿ ಬಿಡುಗಡೆ ಮಾಡಿತು, ಪೀಡೆ ಹತೋಟಿಗೆ ಬಂತು. ಕಣಜ ಈಗ ಇಲ್ಲಿಯದೇ ಆಗಿಹೋಗಿದೆ. ಔಷಧಿ ಹೊಡೆಯದೆ ಬಿಟ್ಟರೆ ತಾನೇ ಹುಡುಕಿಕೊಂಡು ಬರುತ್ತದೆ. ತೆಂಗಿನ ಗರಿಯ ಕೆಳಗೆ ಸುರುಳಿಯಾಕಾರದಲ್ಲಿ ಮೊಟ್ಟೆ ಇಡುವ ಬಿಳಿನೊಣದ ಕಥೆಯೂ ಇದೇ. ಅದನ್ನು ಎನ್ಕಾರ್ಸಿಯಾ ಕಣಜ ನೋಡಿಕೊಳ್ಳುತ್ತದೆ, ಪಂಪು ಹಿಡಿದು ಮರ ಹತ್ತಿದರೆ ಕಣಜ ಸತ್ತು ನೊಣ ಉಳಿಯುತ್ತದೆ.

ಕುಂಬಳಕಾಯಿಯ ಮೇಲೆ ಕ್ರಿಪ್ಟೊಲೀಮಸ್ ಸಾಕಣೆ

ಒಮ್ಮೆ ಹುಳು ತಂದವರು ಮನೆಯಲ್ಲೇ ಹೆಚ್ಚಿಸಿಕೊಳ್ಳಬಹುದು. ಪ್ರಯೋಗಾಲಯಗಳ ಕ್ರಮವೂ ಹೆಚ್ಚುಕಡಿಮೆ ಇದೇ.

1. ಬಲಿತ, ತೊಟ್ಟು ಮುರಿಯದ, ಆಳವಾದ ಹಳ್ಳಗಳಿರುವ ಎರಡು-ಮೂರು ಕೆಜಿಯ ಸಿಹಿ ಕುಂಬಳ ಆರಿಸಿ. ನುಣುಪು ಕಾಯಿಯ ಮೇಲೆ ಹಿಟ್ಟುತಿಗಣೆ ನಿಲ್ಲುವುದಿಲ್ಲ. ತೊಳೆದು ಒಣಗಿಸಿ, ಗಾಯವಿದ್ದಲ್ಲಿ ಕರಗಿದ ಮೇಣ ಹಚ್ಚಿ. ಇಲ್ಲದಿದ್ದರೆ ಕಾಯಿ ಅಲ್ಲಿಂದಲೇ ಕೊಳೆಯುತ್ತದೆ.

2. ದಾಸವಾಳದಿಂದ ಹತ್ತಿಯಂಥ ಮೊಟ್ಟೆಚೀಲಗಳಿರುವ ಕುಡಿಗಳನ್ನು ತಂದು ಕಾಯಿಯ ಮೇಲಿಡಿ. ಅದರಲ್ಲಿ ಕಣಜ ಸೇರಿರಬಾರದು. ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾದ ಹಿಟ್ಟುತಿಗಣೆ ಇದ್ದರೆ ಆ ಕುಡಿ ಬೇಡ. ಮರಿಗಳು ಕಾಯಿಗೆ ಇಳಿದು ಹರಡಲು ಹದಿನೈದರಿಂದ ಇಪ್ಪತ್ತು ದಿನ ಬೇಕು.

3. ಕಾಯಿ ಬೆಳ್ಳಗಾದ ಮೇಲೆ ತೆಳು ಬಟ್ಟೆಯ ಬಾಗಿಲಿನ ಪೆಟ್ಟಿಗೆಯಲ್ಲಿಟ್ಟು 20 ಹುಳು ಬಿಡಿ. ಪೆಟ್ಟಿಗೆಯ ಕಾಲುಗಳನ್ನು ಸೋಪಿನ ನೀರಿನಲ್ಲಿಡಿ, ಇರುವೆ ಇಲ್ಲಿಗೂ ಬರುತ್ತದೆ.

4. ಮೊಟ್ಟೆ ಐದಾರು ದಿನಕ್ಕೆ ಒಡೆದು, ಮರಿ ಎರಡು ವಾರ ತಿಂದು, ವಾರದ ಕೋಶದ ನಂತರ ದುಂಬಿ ಬರುತ್ತದೆ. ಕೋಶ ಕಟ್ಟಲು ಮಡಚಿದ ಕಾಗದದ ತುಂಡುಗಳನ್ನು ಹಾಕಿಡಿ. ಸುಮಾರು ತಿಂಗಳಿಗೆ ಹೊಸ ಹುಳು ಕೈಗೆ ಸಿಗುತ್ತದೆ.

ಹುಳುಗಳು ಹೆಚ್ಚಾಗಿ ಕಾಯಿಯ ಮೇಲಿನ ಹಿಟ್ಟುತಿಗಣೆ ಬೇಗ ಮುಗಿದರೆ ಮರಿಗಳು ಒಂದನ್ನೊಂದು ತಿಂದು ಕೊನೆಗೆ ನಾಲ್ಕೈದು ಉಳಿಯುತ್ತವೆ. ಎರಡನೇ ಕಾಯಿಯನ್ನು ಹತ್ತು ದಿನದ ಅಂತರದಲ್ಲಿ ತಯಾರಾಗಿಟ್ಟುಕೊಳ್ಳಿ.

ಇವುಗಳಿಂದ ಆಗದ ಕೆಲಸ

ಬೆಂಡೆಯ ಹಳದಿ ನರ ರೋಗ, ಟೊಮೆಟೊ ಎಲೆ ಮುಟುರು ರೋಗ ಎರಡೂ ಬಿಳಿನೊಣ ತರುವ ವೈರಸ್. ರೋಗ ಹಬ್ಬಿಸಲು ನಾಲ್ಕೇ ನೊಣ ಸಾಕು, ಮಿತ್ರಕೀಟ ಎಷ್ಟು ತಿಂದರೂ ಅಷ್ಟು ಉಳಿದೇ ಉಳಿಯುತ್ತವೆ. ರೋಗದ ಗಿಡ ಕಂಡ ದಿನವೇ ಕಿತ್ತು ಸುಡಿ, ಮುಂದಿನ ಸಲ ರೋಗ ತಡೆಯುವ ತಳಿ ಹಾಕಿ. ಹಾಗಲ, ಹೀರೆ, ಮಾವಿನ ಹಣ್ಣುನೊಣದ ಮರಿ ಕಾಯಿಯೊಳಗೆ ಅಡಗಿರುವುದರಿಂದ ಅದಕ್ಕೆ ಮೋಹಕ ಬಲೆಯೇ ಗತಿ. ಬಳ್ಳಿಗೂ ಮಾವಿಗೂ ಬೇರೆ ಬೇರೆ ಮದ್ದಿನ ಬಲೆ, ಅಂಗಡಿಯಲ್ಲಿ ಬೆಳೆ ಹೇಳಿ ಕೇಳಿ. ಬಿದ್ದ ಕಾಯಿಗಳನ್ನು ಗೊಬ್ಬರದ ಗುಂಡಿಗೆ ಹಾಕದೆ, ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗೆ ಒಂದು ವಾರ ಇಡಿ. ಬದನೆಯ ಬಾಡಿದ ಕುಡಿಯೊಳಗೆ ಕೊರಕ ಇರುತ್ತದೆ, ಬಾಡಿದ ಜಾಗದಿಂದ ಒಂದಂಗುಲ ಕೆಳಗೆ ಕತ್ತರಿಸಿ ತೆಗೆಯಿರಿ. ವಾರಕ್ಕೊಮ್ಮೆ ಇದನ್ನು ಬಿಡದೆ ಮಾಡಿದ ಮಡಿಯಲ್ಲಿ ಟ್ರೈಕೊಗ್ರಾಮ ಕಾರ್ಡೂ ಚೆನ್ನಾಗಿ ಕೆಲಸ ಮಾಡುತ್ತದೆ.